ಒಂದೇ ಪ್ರತಿಯ ಫೋಟೋ



ಡಿಸೆಂಬರ್ ಪ್ರವಾಸದಲ್ಲಿ ನನ್ನ ಕೊರಳಲ್ಲಿದ್ದ ಕ್ಯಾಮೆರಾದಿಂದ ಫೋಟೋ ತಾನಾಗೇ ಹೆಂಗ ಹೊರಗ ಬಂತು ಅಂತ ಎಷ್ಟೋ ಮಂದಿ ಕೇಳಿದಿರಿ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಗೋಡೆ ಪತ್ರಿಕೆಯಲ್ಲಿ ಬರೆ ಎಂದು ವಿಜ್ಞಾನದ ಸರ್ ಹೇಳಿದರು. ಅದಕ್ಕೇ ಈ ಪಾಠ.

ಅದು ಇನ್‌ಸ್ಟ್ಯಾಕ್ಸ್ ಮಿನಿ ಕ್ಯಾಮೆರಾ. ಸೊಲ್ಲಾಪುರದ ನಮ್ಮ ಮಾವ ಕೊಟ್ಟಿದ್ದ. ಜೊತೆಗೆ ಒಂದು ಪೊಟ್ಟಣ ಹಾಳೆ ಇತ್ತು. ಒಂದು ಪೊಟ್ಟಣದಲ್ಲಿ ಹತ್ತೇ ಹಾಳೆ. ಮೊಬೈಲಿನಲ್ಲಿ ನೂರು ಸಲ ಒತ್ತಬಹುದು, ಬೇಡಾದದ್ದು ಅಳಿಸಬಹುದು. ಇಲ್ಲಿ ಒತ್ತಿದರೆ ಒಂದು ಹಾಳೆ ಹೋಯಿತು. ನೆಗೆಟಿವ್ ಇಲ್ಲ. ಒಂದು ಫೋಟೋಕ್ಕೆ ಒಂದೇ ಪ್ರತಿ. ಈ ಮಾತು ನೆನಪಿಡಿ.

ಇದು ಹುಟ್ಟಿದ್ದು ಹೇಗೆ?

ಇದೂ ಒಂದು ಪ್ರವಾಸದಲ್ಲೇ ಹುಟ್ಟಿತು ನೋಡ್ರಿ. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ಮನೆಮಂದಿಯ ಜೊತೆ ಸಾಂತಾ ಫೆ ಎಂಬ ಊರಿಗೆ ಹೋಗಿದ್ದರು. ಫೋಟೋ ತೆಗೆದಾಗ ಮೂರು ವರ್ಷದ ಮಗಳು, "ಈಗಲೇ ಯಾಕೆ ನೋಡಲಿಕ್ಕೆ ಬರುವುದಿಲ್ಲ?" ಎಂದು ಕೇಳಿದಳಂತೆ. ಆ ಪ್ರಶ್ನೆಯನ್ನು ಅವರು ಬಿಡಲಿಲ್ಲ. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳ ಮುಂದೆ ತಕ್ಷಣದ ಫೋಟೋ ತೆಗೆದು ತೋರಿಸಿದರು. 1948ರಲ್ಲಿ ಅವರ ಪೋಲರಾಯ್ಡ್ ಕ್ಯಾಮೆರಾ ಮಾರಾಟಕ್ಕೆ ಬಂತು. ಜಪಾನಿನ ಫ್ಯೂಜಿ ಕಂಪನಿಯ ಇನ್‌ಸ್ಟ್ಯಾಕ್ಸ್ ಬಂದದ್ದು 1998ರಲ್ಲಿ.

ಹಾಳೆಯ ಒಳಗೆ ಏನಿದೆ?

ಹಾಳೆ ಒಂದೇ ಕಂಡರೂ ಅದರಲ್ಲಿ ಉಳ್ಳಾಗಡ್ಡಿಯ ಹಾಗೆ ಹಲವು ಪದರುಗಳಿವೆ. ನೀಲಿ, ಹಸಿರು, ಕೆಂಪು ಬೆಳಕು ಹಿಡಿಯಲು ಬೇರೆ ಬೇರೆ ಪದರು. ಅವುಗಳ ಜೊತೆಗೆ ಬಣ್ಣದ ಪದರು. ಬಿಳಿ ಅಂಚು ಅಗಲವಾಗಿರುವ ಕಡೆ ಸಣ್ಣ ಚೀಲದಲ್ಲಿ ಗಂಜಿಯಂಥ ರಾಸಾಯನಿಕ ಇರುತ್ತದೆ. ಹಾಳೆ ಹೊರಗೆ ಬರುವಾಗ ಎರಡು ಉರುಳೆಗಳ ನಡುವೆ ಸಿಕ್ಕು ಆ ಚೀಲ ಒಡೆಯುತ್ತದೆ. ಕಬ್ಬಿನ ಗಾಣ ನೆನಸಿಕೊಳ್ಳಿ. ರಾಸಾಯನಿಕ ಪದರುಗಳ ನಡುವೆ ಹರಡುತ್ತದೆ. ಬೆಳಕು ಎಲ್ಲಿ ಎಷ್ಟು ಬಿದ್ದಿದೆಯೋ ಅದರ ಪ್ರಕಾರ ಯಾವ ಬಣ್ಣ ಎಷ್ಟು ಹೊರಗೆ ಬರಬೇಕೆಂದು ನಿಶ್ಚಯವಾಗುತ್ತದೆ. ಸುಮಾರು ಒಂದೂವರೆ ನಿಮಿಷದಲ್ಲಿ ಚಿತ್ರ ಮೂಡುತ್ತದೆ.

ಆ ಗಂಜಿ ಸುಣ್ಣದ ನೀರಿನ ಹಾಗೆ ಸುಡುವ ಗುಣದ್ದು. ಆದ್ದರಿಂದ ಹಾಳೆಯನ್ನು ಕತ್ತರಿಸಬಾರದು, ಬಿಚ್ಚಬಾರದು. ಕೈಗೆ ತಾಗಿದರೆ ಕೂಡಲೇ ಸಾಕಷ್ಟು ನೀರಿನಿಂದ ತೊಳೆಯಬೇಕು.

ತೆಗೆಯುವವರಿಗೆ ಸೂಚನೆಗಳು

1. ಮೂಡುವ ಚಿತ್ರ 62 ಮಿ.ಮೀ. ಉದ್ದ, 46 ಮಿ.ಮೀ. ಅಗಲ. ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದು, ಅಷ್ಟೇ. ದೂರದ ಗುಡ್ಡ ಇದರಲ್ಲಿ ಗೆರೆಯಾಗುತ್ತದೆ. ಹತ್ತಿರದ ಮುಖ ಚಂದ ಬರುತ್ತದೆ. ಆದರೆ 60 ಸೆಂ.ಮೀ.ಗಿಂತ ಹತ್ತಿರ ಹೋದರೆ ಮಸುಕು.

2. ಫ್ಲ್ಯಾಷ್ ಬೆಳಕು 2.7 ಮೀಟರ್, ಅಂದರೆ ಆರು ಮೊಳದವರೆಗೆ ಮಾತ್ರ. ಅದರಾಚೆ ಕತ್ತಲೆ ಕತ್ತಲೆಯಾಗೇ ಉಳಿಯುತ್ತದೆ.

3. ಹೊರಗೆ ಬಂದ ಹಾಳೆಯನ್ನು ಅಲ್ಲಾಡಿಸಬೇಡಿ, ಮಡಿಸಬೇಡಿ. ನೆರಳಿನಲ್ಲಿ ಬೋರಲು ಇಡಿ.

4. 5ರಿಂದ 40 ಡಿಗ್ರಿ ಸೆಲ್ಸಿಯಸ್‌ನೊಳಗೆ ಬಳಸಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು 40 ದಾಟುತ್ತದೆ. ಆಗ ಬಣ್ಣ ಕೆಡುತ್ತದೆ. ಚಳಿಗಾಲವೇ ಒಳ್ಳೆಯದು.

5. ಹಾಳೆ ಮುಗಿಯುವ ತನಕ ಹಿಂದಿನ ಬಾಗಿಲು ತೆರೆಯಬೇಡಿ. ಬೆಳಕು ಬಿದ್ದರೆ ಉಳಿದ ಹಾಳೆಗಳು ಹಾಳು.

ನಾವು ಹೋದ ದಾರಿ

ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿಗೆ ಹೋದೆವು. ಸಿಂದಗಿಯ ಆಚೆ ನಾನು ಅದೇ ಮೊದಲು ಕಾಲಿಟ್ಟದ್ದು. ಹೊಸ ಊರು ಕಂಡರೆ ಎಲ್ಲಾ ತೆಗೀಬೇಕು ಅನಿಸುತ್ತದೆ. ಹತ್ತೇ ಹಾಳೆ ಇದ್ದದ್ದರಿಂದ ಮೊದಲು ನೋಡಿದೆ, ಆಮೇಲೆ ಯೋಚಿಸಿದೆ, ಕೊನೆಗೆ ಒತ್ತಿದೆ. ಸಿಂದಗಿ ಬಸ್ ನಿಲ್ದಾಣದಲ್ಲಿ ಎರಡು. ಬಾಗೇವಾಡಿಯಲ್ಲಿ ಬಸವೇಶ್ವರ ಗುಡಿಯ ಹೊರಗೆ, ಬಿಸಿಲು ಬೆನ್ನಿಗೆ ಇಟ್ಟುಕೊಂಡು ಎರಡು.

ಮುಂದೆ ಆಲಮಟ್ಟಿ. ಅದು ಮೊದಲು ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲೂಕು. ಕೃಷ್ಣಾ ನದಿಯ ಈ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಜಲಾಶಯಕ್ಕೆ ಅವರದೇ ಹೆಸರು. 26 ಗೇಟುಗಳಿವೆ. ಉದ್ದ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಅಷ್ಟು ಉದ್ದದ್ದು ಸಣ್ಣ ಹಾಳೆಯಲ್ಲಿ ಹಿಡಿಸುವುದಿಲ್ಲ. ಗೇಟುಗಳ ಮುಂದೆ ಗೆಳತಿಯರನ್ನು ನಿಲ್ಲಿಸಿ ಎರಡು ತೆಗೆದೆ. ಅಲ್ಲಿಗೆ ಆರಾಯಿತು.

ಫೋಟೋ ಯಾರದು?

ಅಲ್ಲೇ ಹೊರಗೆ ಒಬ್ಬ ಆಯಿ ಶೇಂಗಾ ಮಾರುತ್ತಿದ್ದಳು. ಬಾಜೂಕ ಮೊಮ್ಮಗ. ಕೇಳಿ, ಅವರದೊಂದು ಫೋಟೋ ತೆಗೆದೆ. ಬಿಳೀ ಹಾಳೆಯ ಮೇಲೆ ತನ್ನ ಮುಖ ಮೂಡುವುದನ್ನು ಆಯಿ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ, "ಯವ್ವಾ, ಇದನ್ನ ನನಗ ಕೊಡ್ತಿಯೇನು? ನಮ್ಮ ಹಳೇ ಮನಿ ಈ ನೀರಾಗ ಹೋತು. ಅದರ ಒಂದ್ ಫೋಟೋನೂ ಇಲ್ಲ ನಮ್ಮ ಹಂತ್ಯಾಕ" ಅಂದಳು.

ಹಳೇ ಬಾಗಲಕೋಟೆಯ ಭಾಗವೂ ದಂಡೆಯ ಎಷ್ಟೋ ಹಳ್ಳಿಗಳೂ ಈ ಹಿನ್ನೀರಿನಲ್ಲಿ ಮುಳುಗಿವೆ ಎಂದು ಪಾಠದಲ್ಲಿ ಓದಿದ್ದೆವು. ಓದುವುದು ಬೇರೆ, ಆಕೆಯ ಬಾಯಿಂದ ಕೇಳುವುದು ಬೇರೆ.

ಗೆಳತಿಯರು, "ಕೊಟ್ಟರ ಸಾಲ್ಯಾಗ ಏನ್ ತೋರಸ್ತಿ? ಇರೋದು ಒಂದೇ" ಅಂದರು. ಅವರ ಮಾತೂ ಸುಳ್ಳಲ್ಲ. ಸರ್, "ನಿನ್ನ ಹಾಳೆ, ನೀನೇ ವಿಚಾರ ಮಾಡು" ಅಂದರು. ನಾನು ಹೀಗೆ ವಿಚಾರ ಮಾಡಿದೆ: ಆ ಚಿತ್ರ ನಮಗೆ ಪ್ರವಾಸದ ನೆನಪು. ಆಕೆಗೆ ಅದು ಮೊಮ್ಮಗನ ಜೊತೆ ತಾನು ಇದ್ದೆನೆಂಬ ಗುರುತು. ನಮಗೆ ಇನ್ನೂ ಮೂರು ಹಾಳೆ ಇವೆ, ಆಕೆಗೆ ಇದೊಂದೇ. ಕೊಟ್ಟೆ. ಕೂಡಲೇ ನೋಟುಬುಕ್ಕಿನಲ್ಲಿ ಬರೆದುಕೊಂಡೆ: "7. ಆಲಮಟ್ಟಿ, ಸಂಜೆ 4 ಗಂಟೆ. ಹಸಿರು ಇಳಕಲ್ ಸೀರೆ, ಬುಟ್ಟಿ ತುಂಬ ಶೇಂಗಾ. ಮೊಮ್ಮಗ ಆಯಿಯ ಸೆರಗು ಹಿಡಿದಿದ್ದಾನೆ."

ಮುದ್ದೇಬಿಹಾಳದಲ್ಲಿ ಚಹಾ ಕುಡಿದಾಗ ಅಂಗಡಿಯವರದು ಎರಡು ತೆಗೆದೆ, ಅವರಿಗೊಂದು, ನಮಗೊಂದು. ತಾಳಿಕೋಟೆ, ಸಿಂದಗಿ ಮೇಲೆ ಊರಿಗೆ ಬರುವಾಗ ಒಂದು ಹಾಳೆ ಉಳಿದಿತ್ತು. ಮರುದಿನ ಅದರಲ್ಲಿ ನಮ್ಮ ಶಾಲೆಯ ಹಳೆ ಹಂಚಿನ ಕೋಣೆ ತೆಗೆದೆ. ಬೇಸಿಗೆ ರಜೆಯಲ್ಲಿ ಅದನ್ನು ಕೆಡವುತ್ತಾರೆ. ಅಲ್ಲಿ ನಮ್ಮ ಅಪ್ಪಂದಿರೂ ಅಕ್ಷರ ಕಲಿತವರು.

ಕೆಳಗೆ ಎಂಟು ಫೋಟೋ ಇವೆ. 7 ಮತ್ತು 9ರ ಜಾಗದಲ್ಲಿ ಬರಹ ಮಾತ್ರ ಇದೆ. ಬಿಸಿಲಿಗೆ ಬಣ್ಣ ಮಾಸುತ್ತದೆಂದು ನೆರಳಿನ ಗೋಡೆಗೆ ಹಾಕಿದ್ದೇವೆ. ದಯವಿಟ್ಟು ಯಾರೂ ಕೀಳಬೇಡಿ. ಎರಡನೇ ಪ್ರತಿ ಇಲ್ಲ!

ಅಭ್ಯಾಸ

1. ಹಾಳೆ ಹೊರಗೆ ಬರುವಾಗ ಉರುಳೆಗಳ ಕೆಲಸವೇನು?
2. ಗುಡಿಯ ಕತ್ತಲೆಯಲ್ಲಿ ಹತ್ತು ಮೀಟರ್ ದೂರದ ಕಂಬ ಏಕೆ ಬರುವುದಿಲ್ಲ?
3. ನಿಮ್ಮ ಹತ್ತಿರ ಒಂದೇ ಹಾಳೆ ಇದ್ದರೆ ನಮ್ಮೂರಿನಲ್ಲಿ ಏನು ತೆಗೆಯುತ್ತೀರಿ? ಯಾರಿಗೆ ಕೊಡುತ್ತೀರಿ? ಎರಡು ಸಾಲು ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿರಿ.