ಉದ್ಯಮಿಯ ಕೌಶಲಗಳು: ಒಂದು ಪ್ರಕರಣಾಧಾರಿತ ಪಾಠ

ವಿಷಯ: ವ್ಯವಹಾರ ಅಧ್ಯಯನ
ತರಗತಿ: ಪ್ರಥಮ ಪಿಯುಸಿ
ಅವಧಿ: 45 ನಿಮಿಷ

ಅಭ್ಯಾಸ ಬೋಧನೆಯಲ್ಲಿ ಈ ಪಾಠಾಂಶವನ್ನು ಸಾಮಾನ್ಯವಾಗಿ ಧೈರ್ಯ, ದೂರದೃಷ್ಟಿ, ನಾಯಕತ್ವ ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡಿ ಮುಗಿಸಲಾಗುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಆದರೆ ಇವೆಲ್ಲ ಹುಟ್ಟಿನಿಂದ ಬರುವ ಗುಣಗಳು, ನಮಗಲ್ಲ ಎಂದುಕೊಳ್ಳುತ್ತಾರೆ. ನಾಳೆ ತಂದೆಯ ಅಂಗಡಿಯನ್ನೋ ತಾಯಿಯ ಹೊಲಿಗೆ ಕೆಲಸವನ್ನೋ ಮುಂದುವರಿಸಬೇಕಾದ ಮಕ್ಕಳಿಗೆ ಇದರಿಂದ ನಷ್ಟವೇ. ಕೌಶಲ ಕಲಿತು ಬರುವಂಥದ್ದು. ಅದು ಕಾಣುವುದು ಇಕ್ಕಟ್ಟಿನಲ್ಲಿ ತೆಗೆದುಕೊಳ್ಳುವ ನಿರ್ಧಾರದಲ್ಲಿ.

ಉದ್ದೇಶ: ವಿದ್ಯಾರ್ಥಿಯು ಒಂದು ನಿರ್ಧಾರದ ಹಿಂದಿರುವ ಕೌಶಲವನ್ನು ಗುರುತಿಸಿ, ಕಾರಣ ಕೊಡುವನು.

ಪ್ರಕರಣ: 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಎಂದು ಹೆಸರಾದ ಹೋಟೆಲು. ಶಿಕ್ಷಕರು ಪ್ರತಿ ನಿರ್ಧಾರಕ್ಕೆ ಮೊದಲು ಕಥೆಯನ್ನು ನಿಲ್ಲಿಸಿ, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ, ಗುಂಪುಗಳಿಗೆ ಮೂರು ನಿಮಿಷ ಕೊಡಬೇಕು.

ಹಂತ 1: ಎರಡನೆಯ ಮಹಾಯುದ್ಧದ ಕಾಲ, ಅಕ್ಕಿಯ ಅಭಾವ. ಇಡ್ಲಿ ಮಾಡುವುದು ಹೇಗೆ? ಹೋಟೆಲು ಗೋಧಿ ರವೆಯಿಂದ ಇಡ್ಲಿ ಮಾಡಿತು. ಕೌಶಲ: ಇರುವುದರಲ್ಲಿ ದಾರಿ ಹುಡುಕುವುದು.

ಹಂತ 2: 1951ರಲ್ಲಿ ಯಜ್ಞನಾರಾಯಣ ಮಯ್ಯ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿದರು. ಅಲ್ಲಿಂದ ಏನು ತರಬೇಕು? ಅವರು ತಂದದ್ದು ಶುಚಿತ್ವದ ಕ್ರಮ. ತಿಂಡಿ ನಮ್ಮದೇ ಉಳಿಯಿತು. ಕೌಶಲ: ಗಮನಿಸಿ, ಆರಿಸಿ ಕಲಿಯುವುದು.

ಹಂತ 3: ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ನಿಯಂತ್ರಿಸಿತು. ಇಲ್ಲಿ ಲೆಕ್ಕ ಮಾಡಿಸಿರಿ (ಅಂಕಿಗಳು ಅಭ್ಯಾಸಕ್ಕೆ ಮಾತ್ರ): ಒಂದು ತಟ್ಟೆಯ ವೆಚ್ಚ 30 ರೂ., ಮಾರಾಟ ಬೆಲೆ 25 ರೂ., ದಿನಕ್ಕೆ 200 ತಟ್ಟೆ. ದಿನದ ನಷ್ಟ 1,000 ರೂ. ಹೆಚ್ಚು ಮಾರಿದಷ್ಟೂ ನಷ್ಟ ಹೆಚ್ಚುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಎಂಟಿಆರ್ ಹೋಟೆಲನ್ನು ಮುಚ್ಚಿ, ಕೆಲಸಗಾರರ ಕೈಗೆ ಕೆಲಸ ಉಳಿಯುವಂತೆ ತಿಂಡಿಗಳ ಸಿದ್ಧ ಮಿಶ್ರಣಗಳನ್ನು ಪೊಟ್ಟಣದಲ್ಲಿ ಮಾರತೊಡಗಿತು. ಕೌಶಲ: ಲೆಕ್ಕಾಚಾರ, ಜನರನ್ನು ಉಳಿಸಿಕೊಳ್ಳುವುದು, ಮಾರ್ಗ ಬದಲಿಸುವುದು.

ಕೌಶಲದ ಹೆಸರನ್ನು ಚರ್ಚೆಯ ನಂತರವೇ ಹಲಗೆಯ ಮೇಲೆ ಬರೆಯಬೇಕು. ಮೊದಲೇ ಬರೆದರೆ ಮಕ್ಕಳು ಯೋಚಿಸುವುದನ್ನು ಬಿಟ್ಟು ನಕಲು ಮಾಡಿಕೊಳ್ಳುತ್ತಾರೆ. ಗುಂಪಿನ ಉತ್ತರ ಹೋಟೆಲಿನ ನಿರ್ಧಾರಕ್ಕಿಂತ ಬೇರೆಯಾದರೆ ತಪ್ಪೆನ್ನದೆ, ಅದರ ಖರ್ಚೆಷ್ಟು, ಅಪಾಯವೇನು ಎಂದು ಕೇಳಬೇಕು. ಹೀಗೆ ಮಾಡಿದವರೆಲ್ಲ ಗೆಲ್ಲುತ್ತಾರೆ ಎಂಬ ಭಾವನೆಯೂ ಮೂಡಬಾರದು. ಸರಿಯಾಗಿ ಯೋಚಿಸಿದವರೂ ಸೋಲುವುದುಂಟು.

ಮೌಲ್ಯಮಾಪನ: ‘ಐದು ಕೌಶಲಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆ ಬೇಡ. ‘ನಿಮ್ಮೂರಿನ ಹೂವಿನ ಅಂಗಡಿಯಲ್ಲಿ ಸಂಜೆಗೆ ಅರ್ಧದಷ್ಟು ಹೂ ಉಳಿಯುತ್ತಿದೆ. ಮೊದಲು ಯಾವ ಲೆಕ್ಕ ನೋಡುವಿರಿ? ಆಮೇಲೆ ಏನು ಮಾಡುವಿರಿ? ಏಕೆ?’ ಎಂದು ಕೇಳಿರಿ. ‘ಏಕೆ’ಗೆ ಬರುವ ಉತ್ತರದಲ್ಲಿ ಕಲಿಕೆ ತಿಳಿಯುತ್ತದೆ.