ಉಕ್ಕಿನ ಚೌಕಟ್ಟಿನ ಕಟ್ಟಡ: ದರ ಹಾಗೂ ಪೂರೈಕೆದಾರರ ಹೋಲಿಕೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ: ಉಕ್ಕಿನ ಕಂಬ ಮತ್ತು ತಗಡಿನ ಚಾವಣಿಯ ದೊಡ್ಡ ಕಟ್ಟಡಕ್ಕೆ ಬಂದ ದರಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಕ್ರಮವನ್ನು ಸದಸ್ಯರು ಅರಿಯುವುದು.

ಸಂತೆಯ ಶೆಡ್, ಒಣ ಕಸ ವಿಂಗಡಣೆಯ ಘಟಕ, ಗೋದಾಮು ಮುಂತಾದವುಗಳಿಗೆ ಉಕ್ಕಿನ ಚೌಕಟ್ಟಿನ ಕಟ್ಟಡಗಳನ್ನು ಗ್ರಾಮ ಪಂಚಾಯಿತಿಗಳು ಆರಿಸಿಕೊಳ್ಳುವುದುಂಟು. ಕೆಲಸ ಬೇಗ ಮುಗಿಯುತ್ತದೆ; ನಡುವೆ ಕಂಬಗಳಿಲ್ಲದ ವಿಶಾಲ ಸ್ಥಳ ದೊರೆಯುತ್ತದೆ. ಆದರೆ ಇಂತಹ ಕಟ್ಟಡದ ಗುಣಮಟ್ಟ ಬಹುಪಾಲು ಕಣ್ಣಿಗೆ ಕಾಣುವಂಥದ್ದಲ್ಲ. ಬಣ್ಣ ಬಳಿದ ಮೇಲೆ ತೆಳು ತಗಡೂ ದಪ್ಪ ತಗಡೂ ಒಂದೇ ರೀತಿ ಹೊಳೆಯುತ್ತವೆ. ಮಣ್ಣು ಮುಚ್ಚಿದ ಮೇಲೆ ಅಡಿಪಾಯದ ಆಳ ಯಾರಿಗೂ ತಿಳಿಯುವುದಿಲ್ಲ. ವ್ಯತ್ಯಾಸ ಬಯಲಾಗುವುದು ಮುಂಗಾರಿಗೆ ಮುಂಚಿನ ಬಿರುಗಾಳಿಯಲ್ಲಿ. ಆ ಹೊತ್ತಿಗೆ ಹಣ ಪಾವತಿಯಾಗಿರುತ್ತದೆ, ಚಾವಣಿಯ ಕೆಳಗೆ ಸಂತೆಯ ಜನರಿರುತ್ತಾರೆ.

1. ಹೋಲಿಕೆಯ ಮೂಲ ನಿಯಮ

ಒಂದೇ ವಸ್ತುವಿಗೆ ಕೇಳಿದ ಬೆಲೆಗಳನ್ನು ಮಾತ್ರ ಹೋಲಿಸಬಹುದು. "ಚದರಡಿಗೆ ಎಷ್ಟು?" ಎಂಬ ಪ್ರಶ್ನೆಗೆ ಮೂವರು ಪೂರೈಕೆದಾರರು ಮೂರು ಬಗೆಯ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಡುತ್ತಾರೆ. ಆದಕಾರಣ ದರ ಕೇಳುವ ಮೊದಲೇ ಕಟ್ಟಡದ ಉದ್ದ, ಅಗಲ, ಚಾವಣಿಯ ಅಂಚಿನವರೆಗಿನ ಎತ್ತರ, ಗೋಡೆಯ ವಿವರ, ತಗಡಿನ ದಪ್ಪ ಹಾಗೂ ಲೇಪನ, ಅಡಿಪಾಯ ಮತ್ತು ನೆಲ ಯಾರ ಹೊಣೆ, ಮಳೆನೀರಿನ ದೋಣಿ ಹಾಗೂ ಕೊಳವೆ, ಬಣ್ಣ, ಸಾಗಣೆ, ನಿಲ್ಲಿಸುವ ಕೂಲಿ ಮತ್ತು ತೆರಿಗೆ ಇವಿಷ್ಟನ್ನೂ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರರ ನೆರವಿನಿಂದ ಬರೆದಿಟ್ಟುಕೊಳ್ಳಬೇಕು. ಈ ಬರಹವೇ ಅಂದಾಜು ಪಟ್ಟಿಗೂ ಟೆಂಡರ್ ದಾಖಲೆಗೂ ಆಧಾರ.

2. ಒಂದು ಲೆಕ್ಕ

30 ಮೀಟರ್ ಉದ್ದ, 15 ಮೀಟರ್ ಅಗಲದ, ಅಂದರೆ 450 ಚದರ ಮೀಟರ್ ವಿಸ್ತೀರ್ಣದ ಸಂತೆ ಶೆಡ್ಡಿಗೆ ಮಾರುಕಟ್ಟೆ ವಿಚಾರಣೆಯಲ್ಲಿ ಮೂರು ದರಗಳು ಬಂದವೆಂದು ಭಾವಿಸಬಹುದು. ಇಲ್ಲಿನ ಮೊತ್ತಗಳು ಕ್ರಮವನ್ನು ತಿಳಿಸುವುದಕ್ಕಾಗಿ ಮಾತ್ರ. ಇವು ಮಾರುಕಟ್ಟೆಯ ದರಗಳಲ್ಲ.

ಮೊದಲನೆಯ ದರ ರೂ. 24,50,000. ಇದರಲ್ಲಿ ತೆರಿಗೆಯೂ ಇಲ್ಲ, ಅಡಿಪಾಯವೂ ಇಲ್ಲ. ತಗಡಿನ ದಪ್ಪ 0.40 ಮಿ.ಮೀ.
ಎರಡನೆಯ ದರ ರೂ. 27,80,000. ತೆರಿಗೆ ಸೇರಿದೆ, ಅಡಿಪಾಯ ಸೇರಿಲ್ಲ; ತಗಡು 0.50 ಮಿ.ಮೀ.
ಮೂರನೆಯ ದರ ರೂ. 29,20,000. ತೆರಿಗೆ, ಅಡಿಪಾಯ ಎರಡೂ ಸೇರಿವೆ, ತಗಡು 0.50 ಮಿ.ಮೀ.

ಮೇಲ್ನೋಟಕ್ಕೆ ಮೊದಲನೆಯದೇ ಅಗ್ಗ. ಅದಕ್ಕೆ ಶೇ. 18ರ ಜಿಎಸ್‌ಟಿ ರೂ. 4,41,000 ಕೂಡಿಸಿದರೆ ರೂ. 28,91,000 ಆಗುತ್ತದೆ. ಎಂಜಿನಿಯರರು ಅಡಿಪಾಯಕ್ಕೆ ರೂ. 3,50,000 ಅಂದಾಜಿಸಿದ್ದರೆ ಮೊತ್ತ ರೂ. 32,41,000. ಇಳಿಜಾರು ಮತ್ತು ಹೊರಚಾಚು ಸೇರಿ ಚಾವಣಿಗೆ 500 ಚದರ ಮೀಟರ್ ತಗಡು ಬೇಕೆಂದಿಟ್ಟುಕೊಂಡರೆ, 0.10 ಮಿ.ಮೀ. ಹೆಚ್ಚಿನ ದಪ್ಪಕ್ಕೆ ಸುಮಾರು 392 ಕೆ.ಜಿ. ಉಕ್ಕು ಬೇಕು. ತೆರಿಗೆ ಸೇರಿ ಕೆ.ಜಿ.ಗೆ ರೂ. 100ರಂತೆ ಅದು ರೂ. 39,200. ಹೀಗೆ ಮೊದಲನೆಯ ದರ ರೂ. 32,80,200ಕ್ಕೆ ಏರುತ್ತದೆ. ಎರಡನೆಯದು ಅಡಿಪಾಯ ಸೇರಿ ರೂ. 31,30,000 ಆಗುತ್ತದೆ. ಮೂರನೆಯದು ರೂ. 29,20,000ದಲ್ಲಿಯೇ ನಿಲ್ಲುತ್ತದೆ. ಅತ್ಯಂತ ಕಡಿಮೆ ಎಂದು ಕಂಡದ್ದು ಅತ್ಯಂತ ದುಬಾರಿಯೂ, ಅತ್ಯಂತ ದುಬಾರಿ ಎಂದು ಕಂಡದ್ದು ಅಗ್ಗವೂ ಆಯಿತು.

ಈ ಸರಿದೂಗಿಸುವ ಲೆಕ್ಕವನ್ನು ಅಂದಾಜು ಸಿದ್ಧವಾಗುವ ಹಂತದಲ್ಲಿಯೇ ಮಾಡಬೇಕೆಂಬುದನ್ನು ಗಮನಿಸತಕ್ಕದ್ದು. ಟೆಂಡರುಗಳ ಪರಿಶೀಲನೆ ನಡೆಯುವುದು ಟೆಂಡರ್ ದಾಖಲೆಯಲ್ಲಿ ಮೊದಲೇ ತಿಳಿಸಿದ ಮಾನದಂಡಗಳ ಮೇಲೆ. ದಾಖಲೆಯಲ್ಲಿ ತಗಡಿನ ದಪ್ಪವನ್ನೇ ಬರೆಯದಿದ್ದರೆ, ತೆಳು ತಗಡಿನ ದರವನ್ನು ಆಮೇಲೆ ತಿರಸ್ಕರಿಸಲು ಆಧಾರ ಉಳಿಯುವುದಿಲ್ಲ.

3. ತೂಕ ಮತ್ತು ದಪ್ಪ

ಉಕ್ಕಿನ ಒಂದು ಘನ ಮೀಟರಿನ ತೂಕ 7,850 ಕೆ.ಜಿ. ಈ ಒಂದು ಅಂಕಿಯಿಂದ ಅನೇಕ ಹೇಳಿಕೆಗಳನ್ನು ಪರೀಕ್ಷಿಸಬಹುದು. 0.50 ಮಿ.ಮೀ. ದಪ್ಪದ ಮಟ್ಟಸ ತಗಡು ಚದರ ಮೀಟರಿಗೆ 3.9 ಕೆ.ಜಿ. ತೂಗಬೇಕು, 0.40 ಮಿ.ಮೀ.ನದು 3.1 ಕೆ.ಜಿ. ಮಾತ್ರ. ದಪ್ಪವೆಂದರೆ ಬಣ್ಣ ಮತ್ತು ಲೇಪನ ಸೇರಿದ ಒಟ್ಟು ದಪ್ಪವೋ, ಒಳಗಿನ ಉಕ್ಕಿನ ದಪ್ಪವೋ ಎಂಬುದನ್ನು ಬರೆಯಿಸಿಕೊಳ್ಳಬೇಕು. ಸತು ಲೇಪನವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಎರಡು ಬದಿಗಳನ್ನೂ ಕೂಡಿಸಿ ಹೇಳುವುದು ವಾಡಿಕೆ. 120 ಗ್ರಾಂ ಲೇಪನಕ್ಕೂ 275 ಗ್ರಾಂ ಲೇಪನಕ್ಕೂ ಬಾಳಿಕೆಯಲ್ಲಿ ಬಹಳ ಅಂತರವಿದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಈ ಅಂತರ ಬೇಗನೆ ತುಕ್ಕಾಗಿ ಕಾಣಿಸಿಕೊಳ್ಳುತ್ತದೆ.

ಕಂಬ, ಟ್ರಸ್ ಹಾಗೂ ಪರ್ಲಿನ್‌ಗಳ ಒಟ್ಟು ತೂಕವನ್ನೂ ಪ್ರತಿಯೊಂದು ದರದೊಡನೆ ಪಡೆಯಬೇಕು. ತೂಕ ಕಡಿಮೆಯಿದ್ದ ಮಾತ್ರಕ್ಕೆ ಕಟ್ಟಡ ದುರ್ಬಲವೆಂದು ತೀರ್ಮಾನಿಸಬಾರದು. ಕಾರ್ಖಾನೆಯಲ್ಲಿ ತಯಾರಾಗಿ ಸ್ಥಳದಲ್ಲಿ ಬೋಲ್ಟುಗಳಿಂದ ಜೋಡಿಸುವ ಪ್ರೀ-ಎಂಜಿನಿಯರ್ಡ್ ಕಟ್ಟಡಗಳಲ್ಲಿ ಭಾರ ಹೆಚ್ಚು ಬೀಳುವ ಕಡೆ ಮಾತ್ರ ಹೆಚ್ಚು ಉಕ್ಕನ್ನು ಬಳಸುವುದರಿಂದ ತೂಕ ಇಳಿಯುತ್ತದೆ. ಸ್ಥಳೀಯ ಫ್ಯಾಬ್ರಿಕೇಶನ್ ಕಾರ್ಯಾಗಾರದವರು ಪೈಪುಗಳನ್ನು ವೆಲ್ಡ್ ಮಾಡಿ ಕಟ್ಟುವ ಟ್ರಸ್ಸಿನಲ್ಲಿ ದುರಸ್ತಿ ಸುಲಭ. ಯಾವುದಾದರೂ ಸರಿ, ಎರಡೂ ವಿನ್ಯಾಸಗಳು ಒಂದೇ ಗಾಳಿವೇಗಕ್ಕೆ ಲೆಕ್ಕ ಹಾಕಿದವು ಎಂಬುದಷ್ಟೇ ಖಾತರಿಯಾಗಬೇಕು.

4. ಗಾಳಿ ಮತ್ತು ಅಡಿಪಾಯ

ತಗಡಿನ ಚಾವಣಿಗೆ ದೊಡ್ಡ ಅಪಾಯವೆಂದರೆ ಅದನ್ನು ಮೇಲಕ್ಕೆ ಎತ್ತುವ ಗಾಳಿ. ಐಎಸ್ 875ರ 3ನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ಸೂಚಿಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, ಈ ಆರು ಮೀಟರುಗಳ ಅಂತರ ಒತ್ತಡದಲ್ಲಿ ಸುಮಾರು ಶೇ. 40ರ ಅಂತರವಾಗುತ್ತದೆ. 33 ಮೀಟರ್ ವೇಗದ ಗಾಳಿಯ ಮೂಲ ಒತ್ತಡ ಒಂದು ಚದರ ಮೀಟರಿನ ಮೇಲೆ ಸುಮಾರು 66 ಕೆ.ಜಿ. ಭಾರಕ್ಕೆ ಸಮ. ಅಷ್ಟೇ ಜಾಗದ ತಗಡಿನ ತೂಕವಾದರೋ ನಾಲ್ಕು ಕೆ.ಜಿ.ಯೂ ಇಲ್ಲ. ಚಾವಣಿಯನ್ನು ಹಿಡಿದಿಡುವುದು ತಿರುಪುಗಳು, ಆಧಾರ ಬೋಲ್ಟುಗಳು ಮತ್ತು ಅಡಿಪಾಯದ ಕಾಂಕ್ರೀಟಿನ ತೂಕ. ಸುತ್ತಲೂ ಗೋಡೆಯಿಲ್ಲದ ಸಂತೆ ಶೆಡ್ಡಿನಲ್ಲಿ ಗಾಳಿ ಕೆಳಗಿನಿಂದಲೂ ನುಗ್ಗುವುದರಿಂದ ಈ ಎಚ್ಚರ ಇನ್ನೂ ಮುಖ್ಯ. ಅಡಿಪಾಯದ ಗಾತ್ರವನ್ನು ಕುಗ್ಗಿಸಿ ಉಳಿಸಿದ ಹಣ ಉಳಿತಾಯವೆನಿಸದು.

5. ಪೂರೈಕೆದಾರರ ಪರಿಶೀಲನೆ

ಪೂರೈಕೆದಾರರು ಮೂರು ನಾಲ್ಕು ವರ್ಷಗಳ ಹಿಂದೆ ಕಟ್ಟಿದ ಒಂದು ಕಟ್ಟಡವನ್ನಾದರೂ ಎಂಜಿನಿಯರರೊಡನೆ ನೋಡಿ ಬರುವುದು ಉತ್ತಮ. ಹೊಸ ಕಟ್ಟಡ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ತಿರುಪುಗಳ ಸುತ್ತ ತುಕ್ಕು, ದೋಣಿಯಲ್ಲಿ ನಿಂತ ನೀರು, ಕಂಬದ ಬುಡದಲ್ಲಿ ಎದ್ದ ಬಣ್ಣ ಇವು ಹಳೆಯ ಕಟ್ಟಡದಲ್ಲಿ ಕಾಣಸಿಗುತ್ತವೆ. ಜಿಎಸ್‌ಟಿ ನೋಂದಣಿ, ಹಿಂದಿನ ಕಾಮಗಾರಿಗಳ ಪೂರ್ಣತೆಯ ಪ್ರಮಾಣಪತ್ರ, ಉಕ್ಕು ತಯಾರಕರ ಪರೀಕ್ಷಾ ಪ್ರಮಾಣಪತ್ರ ಮತ್ತು ದೋಷ ಹೊಣೆಗಾರಿಕೆಯ ಅವಧಿಯನ್ನು ಪರಿಶೀಲಿಸಬೇಕು. ಟೆಂಡರಿನಲ್ಲಿ ಯಾವುದೇ ಕಂಪನಿಯ ಹೆಸರನ್ನು ಸೂಚಿಸದೆ ಐಎಸ್ ಮಾನಕ, ದಪ್ಪ ಮತ್ತು ಲೇಪನವನ್ನು ಮಾತ್ರ ನಮೂದಿಸಬೇಕು.

ಮೂರು ದರಪಟ್ಟಿಗಳು ಬಂದಿವೆ ಎಂದ ಮಾತ್ರಕ್ಕೆ ಸ್ಪರ್ಧೆ ನಡೆದಂತಾಗುವುದಿಲ್ಲ. ಮೂರರಲ್ಲಿಯೂ ಒಂದೇ ಅಕ್ಷರದೋಷ, ಒಂದೇ ದೂರವಾಣಿ ಸಂಖ್ಯೆ ಅಥವಾ ಒಂದೇ ಕೈಬರಹ ಕಂಡುಬಂದರೆ, ಅವು ಒಂದೇ ಮೇಜಿನ ಮೇಲೆ ಸಿದ್ಧವಾಗಿರುವ ಸಂಭವವುಂಟು.

6. ಸಭೆಯ ಹೊಣೆ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಪಂಚಾಯಿತಿಯ ಸಂಗ್ರಹಣೆಗಳಿಗೂ ಅನ್ವಯಿಸುತ್ತದೆ. ಟೆಂಡರ್ ತಪ್ಪಿಸುವ ಸಲುವಾಗಿ ಕಂಬಕ್ಕೊಂದು, ಚಾವಣಿಗೊಂದು, ನೆಲಕ್ಕೊಂದು ಎಂದು ಒಂದೇ ಕಾಮಗಾರಿಯನ್ನು ತುಂಡು ಮಾಡುವುದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಕ್ಕೆ ಗುರಿಯಾಗುತ್ತದೆ. ಪಂಚಾಯಿತಿಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಹೊಂದಿದ ಸದಸ್ಯರು 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಅನರ್ಹತೆಗೆ ಒಳಗಾಗಬಹುದು.

ಕೆಲಸ ನಡೆಯುವಾಗ ಅಡಿಪಾಯದ ಗುಂಡಿಗಳನ್ನು ಕಾಂಕ್ರೀಟ್ ತುಂಬುವ ಮೊದಲೇ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸುವಂತೆ ಎಂಜಿನಿಯರರನ್ನು ಕೋರಬೇಕು. ಉಕ್ಕು ಬಂದ ಲಾರಿಯ ತೂಕದ ಚೀಟಿಯನ್ನು ಕಡತದಲ್ಲಿರಿಸಬೇಕು. ತಗಡನ್ನು ಮೇಲೇರಿಸುವ ಮೊದಲೇ ಅದರ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯಿಸಬೇಕು. ಈ ಮೂರು ಕೆಲಸಗಳಿಗೆ ಪ್ರತ್ಯೇಕ ಅನುದಾನ ಬೇಕಿಲ್ಲ. ತಕ್ಕ ದಿನದಂದು ಸ್ಥಳದಲ್ಲಿ ಹಾಜರಿದ್ದರೆ ಸಾಕು.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1) ಈ ಹಿಂದೆ ಪಂಚಾಯಿತಿ ನಿರ್ಮಿಸಿದ ಶೆಡ್ಡಿನ ಅಂದಾಜು ಪಟ್ಟಿಯಲ್ಲಿ ತಗಡಿನ ದಪ್ಪ ಮತ್ತು ಲೇಪನ ನಮೂದಾಗಿವೆಯೇ?
2) ಅದರ ವಿನ್ಯಾಸಕ್ಕೆ ಎಷ್ಟು ಗಾಳಿವೇಗವನ್ನು ಆಧಾರವಾಗಿಟ್ಟುಕೊಳ್ಳಲಾಗಿತ್ತು?
3) ಮೇಲಿನ ಲೆಕ್ಕದಲ್ಲಿ ಅಡಿಪಾಯದ ಅಂದಾಜು ರೂ. 1,00,000 ಮಾತ್ರ ಆಗಿದ್ದರೆ, ಮೂರು ದರಗಳಲ್ಲಿ ಯಾವುದು ಕಡಿಮೆಯಾಗುತ್ತಿತ್ತು? ಅಡಿಪಾಯಕ್ಕೆ ಅಷ್ಟು ಹಣ ಸಾಕೆಂದು ನಿರ್ಧರಿಸಬೇಕಾದವರು ಯಾರು?