ಮೆಂತಿ ಹೊಲಿಗೆಗೆ ತಕ್ಕ ಚೌಕಟ್ಟು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೊಲಿಗೆ ಕೆಲಸದ ವಿಷಯದಲ್ಲಿ ಈ ಗಾದೆಯನ್ನು ನಮ್ಮ ಮನೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಹುಡುಗಿಯೊಬ್ಬಳು ಕಸೂತಿಗೆ ಕುಳಿತು, ನಾಲ್ಕು ದಿನ ಹೊಲಿದು, ಬಟ್ಟೆ ಸುಕ್ಕುಗಟ್ಟಿತೆಂದೋ ಕತ್ತು ನೋಯಿತೆಂದೋ ಅದನ್ನು ಪೆಟ್ಟಿಗೆಯ ತಳ ಸೇರಿಸಿದರೆ, ‘ನಿನಗೆ ತಾಳ್ಮೆ ಇಲ್ಲ’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಆ ಮಾತು ಒಂದು ಪಾಲು ನಿಜವಿರಬಹುದು. ಆದರೆ ನೆಲವೇ ನಿಜವಾಗಿ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು? ಕಸೂತಿಯಲ್ಲಿ ನೆಲವೆಂದರೆ ಬಟ್ಟೆ. ಆ ನೆಲವನ್ನು ಸಮನಾಗಿ ಹಿಡಿದು ನಿಲ್ಲಿಸುವುದು ಚೌಕಟ್ಟು. ಅನೇಕರ ಕೈ ಚೆನ್ನಾಗಿಯೇ ಇದೆ, ಚೌಕಟ್ಟು ಮಾತ್ರ ತಕ್ಕುದಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಷಯ ಅಲ್ಪವೆಂದು ಯಾರೂ ತಿಳಿಯಬಾರದು. ಸಿಂಧನೂರು, ಲಿಂಗಸುಗೂರು, ಇವೆರಡರ ನಡುವಿನ ಮಸ್ಕಿ, ಈ ಊರುಗಳಲ್ಲಿ ಓದುತ್ತಿರುವ ನಮ್ಮಂಥ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಕಸೂತಿ ಬರೀ ಹವ್ಯಾಸ. ಇನ್ನು ಕೆಲವರು ತಮ್ಮ ಮದುವೆಯ ಸೀರೆಗೆ ತಾವೇ ಹೊಲಿಯಬೇಕೆಂಬ ಆಸೆಯವರು. ಆದರೆ ಕುಪ್ಪಸಗಳ ಮೇಲಿನ ಕೆಲಸವನ್ನು ಮನೆಗೆ ತಂದು, ರಾತ್ರಿ ಹೊಲಿದು, ಆ ಹಣದಿಂದಲೇ ಶುಲ್ಕ ಕಟ್ಟಿ ಓದುವವರೂ ನಮ್ಮ ನಡುವೆ ಇದ್ದಾರೆ. ಅಂಥವರಿಗೆ ಕತ್ತು, ಬೆನ್ನು, ಕಣ್ಣುಗಳೇ ಬಂಡವಾಳ. ಬಂಡವಾಳ ಕರಗಿದ ಮೇಲೆ ವ್ಯಾಪಾರ ಎಲ್ಲಿಯದು?

೧. ಮೆಂತಿ ಹೊಲಿಗೆಯ ಸ್ವಭಾವ

ಇಂಗ್ಲಿಷಿನವರು ಕ್ರಾಸ್ ಸ್ಟಿಚ್ ಎಂದು ಕರೆಯುವ ಹೊಲಿಗೆ ನಮಗೆ ಹೊಸದೇನಲ್ಲ. ಧಾರವಾಡ ಸೀಮೆಯಲ್ಲಿ ಹೆಸರಾದ ಕಸೂತಿಯ ನಾಲ್ಕು ಹೊಲಿಗೆಗಳಾದ ಗಾವಂತಿ, ಮುರಗಿ, ನೇಗಿ, ಮೆಂತಿ ಇವುಗಳಲ್ಲಿ ಕೊನೆಯದೇ ಅದು. ಗಾವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿಯುತ್ತಾ ಮುಂದೆ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತಾ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮುರಗಿಯ ನಡೆಯೂ ಅದೇ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ನೇಗಿ ನೇಯ್ಗೆಯಂತೆ ಕಾಣುತ್ತದೆ. ಮೆಂತಿಯಲ್ಲಿ ಎರಡು ಓರೆ ಎಳೆಗಳು ಒಂದರ ಮೇಲೊಂದು ಹಾಯುತ್ತವೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಮೊದಲಾದ ಚಿತ್ರಗಳ ಒಡಲನ್ನು ತುಂಬುವುದಕ್ಕೆ ಇದು ಒದಗುತ್ತದೆ.

ಇವೆಲ್ಲಕ್ಕೂ ಒಂದು ಸಮಾನ ಧರ್ಮವಿದೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಬಟ್ಟೆ ಓರೆಯಾಗಿ ಎಳೆಯಲ್ಪಟ್ಟರೆ ಎಳೆಗಳೂ ಓರೆಯಾಗುತ್ತವೆ, ಎಣಿಕೆ ತಪ್ಪುತ್ತದೆ, ಚೌಕವಾಗಬೇಕಾದ ಮನೆ ವಜ್ರಾಕಾರ ತಾಳುತ್ತದೆ. ಅಲ್ಲದೆ ಮೆಂತಿಯಲ್ಲಿ ಮೇಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿರಬೇಕು, ಎಲ್ಲದರ ಬಿಗಿ ಸಮನಾಗಿರಬೇಕು. ಬಟ್ಟೆ ಒಮ್ಮೆ ಸಡಿಲ ಒಮ್ಮೆ ಬಿಗಿಯಾದರೆ ನೂರು ಹೊಲಿಗೆ ನೂರು ಬಗೆಯಾಗಿ ಕಾಣುತ್ತದೆ. ಚೌಕಟ್ಟಿನ ಅಗತ್ಯ ಹುಟ್ಟುವುದು ಇಲ್ಲಿಯೇ.

೨. ಚೌಕಟ್ಟಿಲ್ಲದೆ ಹೊಲಿದವರು

ಹಾಗಾದರೆ ನಮ್ಮ ಹಿರಿಯರು ಚೌಕಟ್ಟು ಎಲ್ಲಿಂದ ತಂದಿದ್ದರು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಮನೆಗಳ ಕೌದಿಗೆ ಚೌಕಟ್ಟಿಲ್ಲ. ಹಳೆಯ ಸೀರೆ ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ ಹೊಲಿಯುತ್ತಾರೆ, ನೆಲವೇ ಅದರ ಚೌಕಟ್ಟು. ಲಿಂಗಸುಗೂರು ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಅನೇಕ. ಕನ್ನಡಿ, ಕವಡೆಗಳನ್ನು ಸೇರಿಸಿ ಹೊಲಿಯುವ ಲಂಬಾಣಿ ತಾಯಂದಿರು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೆಲಸ ಮಾಡುತ್ತಾರೆ; ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯಂತೂ ಭೌಗೋಳಿಕ ಸೂಚಕದ ಮಾನ್ಯತೆಯನ್ನೇ ಪಡೆದಿದೆ. ಸಿಂಧನೂರಿನ ಬಳಿ ಆರ್. ಎಚ್. ಕ್ಯಾಂಪುಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳ ಮೂಲ ಸೀಮೆಯ ಕಾಂಥಾ ಹೊಲಿಗೆಯೂ ಹಳೆಯ ಸೀರೆಗಳ ಪದರಗಳ ಮೇಲೆ ಕೈಯಲ್ಲೇ ನಡೆಯುವಂಥದು.

ಆದರೆ ಒಂದು ಅಂಶವನ್ನು ಗಮನಿಸಬೇಕು. ಕೌದಿ, ಕಾಂಥಾಗಳಲ್ಲಿ ಬಟ್ಟೆಯ ಪದರಗಳು ಹಲವು. ಲಂಬಾಣಿ ಕೆಲಸದ ಬಟ್ಟೆಯೂ ಸಾಮಾನ್ಯವಾಗಿ ದಪ್ಪ. ದಪ್ಪ ಬಟ್ಟೆ ತನ್ನ ಬಿಗಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಅಲ್ಲಿ ಸೂಜಿ ಬಟ್ಟೆಯನ್ನು ಕುಕ್ಕಿ ಒಂದೇ ಸಲಕ್ಕೆ ಮೇಲೆ ಬರುತ್ತದೆ; ಚೌಕಟ್ಟಿನ ಬಿಗಿ ಇದ್ದರೆ ಆ ಹೊಲಿಗೆಗೆ ಅಡ್ಡಿಯೇ ಹೊರತು ಸಹಾಯವಿಲ್ಲ. ತೆಳುವಾದ ಒಂಟಿ ಪದರದ ಬಟ್ಟೆಯ ಮೇಲೆ ಸಾವಿರಾರು ಮೆಂತಿ ತುಂಬುವುದಾದರೆ ಮಾತು ಬೇರೆ. ಅಲ್ಲಿ ಸೂಜಿ ಒಮ್ಮೆ ನೇರ ಕೆಳಗೆ, ಒಮ್ಮೆ ನೇರ ಮೇಲೆ, ಹೀಗೆ ಎರಡು ನಡೆಯಲ್ಲಿ ಸಾಗಬೇಕು. ಆದುದರಿಂದ ಚೌಕಟ್ಟನ್ನು ಕೊಳ್ಳುವ ಮುನ್ನ ನಮ್ಮ ಸೂಜಿಯ ನಡೆ ಯಾವುದೆಂಬುದನ್ನು ತಿಳಿದುಕೊಳ್ಳತಕ್ಕದ್ದು.

೩. ರಿಂಗು

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ರಿಂಗು. ಒಂದರೊಳಗೊಂದು ಕೂಡುವ ಎರಡು ಬಳೆಗಳು, ಹೊರಗಿನದಕ್ಕೆ ಒಂದು ಸ್ಕ್ರೂ. ಮರದ್ದು, ಪ್ಲಾಸ್ಟಿಕ್ಕಿನದು ಎರಡೂ ಉಂಟು. ಕೊಳ್ಳುವಾಗ ನಾಲ್ಕು ಪರೀಕ್ಷೆ ಮಾಡಬೇಕು. ಎರಡು ಬಳೆಗಳ ನಡುವೆ ಬೆಳಕು ಹಾಯದಂತೆ ಅವು ಸುತ್ತಲೂ ಕೂಡುತ್ತವೆಯೇ? ಸ್ಕ್ರೂ ಹಿತ್ತಾಳೆಯದೇ, ಎಳೆ ಸವೆಯದಂತೆ ತಿರುಗುತ್ತದೆಯೇ? ಮರದ ಅಂಚಿನಲ್ಲಿ ಎಳೆ ಸಿಕ್ಕಿಕೊಳ್ಳುವ ಸಿಬಿರು ಇಲ್ಲವೇ? ರಿಂಗನ್ನು ಹಿಡಿದ ಎಡಗೈಯ ಬೆರಳು ನಡುಭಾಗವನ್ನು ತಲುಪುತ್ತದೆಯೇ? ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಸಾಮಾನ್ಯವಾಗಿ ೫ ಅಥವಾ ೬ ಅಂಗುಲದ ರಿಂಗು ನಮ್ಮ ಕೈಗೆ ಹೊಂದುತ್ತದೆ. ೮ ಅಂಗುಲ ಮೀರಿದರೆ ಕೈಯಲ್ಲಿ ಹಿಡಿಯುವುದು ಮಣಿಕಟ್ಟಿಗೆ ಶಿಕ್ಷೆ. ಅದಕ್ಕೆ ಸ್ಟ್ಯಾಂಡು ಬೇಕು.

ಒಳಬಳೆಗೆ ಹಳೆಯ ಪಂಚೆಯ ಬಟ್ಟೆಯ ಪಟ್ಟಿಯನ್ನು ಒತ್ತಾಗಿ ಸುತ್ತಿ ಹೊಲಿದರೆ ಬಟ್ಟೆ ಜಾರುವುದಿಲ್ಲ, ಕಲೆಯೂ ಕಡಿಮೆ. ಬಟ್ಟೆಯನ್ನು ಉದ್ದ ಎಳೆ, ಅಡ್ಡ ಎಳೆಗಳ ದಿಕ್ಕಿಗೆ ಮಾತ್ರ ಎಳೆಯಬೇಕು. ಮೂಲೆಯಿಂದ ಮೂಲೆಗೆ ಎಳೆಯಕೂಡದು. ಬೆರಳಿನಿಂದ ತಟ್ಟಿದರೆ ಹಲಗೆಯಂತೆ ಸದ್ದು ಕೊಟ್ಟರೆ ಬಿಗಿ ಸರಿಯಾಯಿತೆಂದು ತಿಳಿಯಬೇಕು. ರಾತ್ರಿ ಕೆಲಸ ಮುಗಿದೊಡನೆ ರಿಂಗನ್ನು ಬಿಚ್ಚಿಡುವುದು ಕಡ್ಡಾಯ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಶಾಖ ೪೦ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆವರು, ಧೂಳು ಎರಡೂ ಕೂಡಿ ರಿಂಗಿನ ಅಂಚಿನಲ್ಲಿ ಕಪ್ಪು ಉಂಗುರ ಬರೆದುಬಿಟ್ಟರೆ ಒಗೆದರೂ ಹೋಗುವುದು ಕಷ್ಟ.

೪. ಸುರುಳಿ ಚೌಕಟ್ಟು

ಮೇಲೊಂದು ಕೆಳಗೊಂದು ದುಂಡು ಕೋಲು, ಎರಡು ಪಕ್ಕಗಳಲ್ಲಿ ಪಟ್ಟಿ. ಬಟ್ಟೆಯ ಎರಡು ಅಂಚುಗಳನ್ನು ಕೋಲುಗಳಿಗೆ ಹೊಲಿದು, ಹೊಲಿದಷ್ಟನ್ನು ಸುತ್ತುತ್ತಾ ಹೋಗುವುದು. ದೊಡ್ಡ ಚಿತ್ರಕ್ಕೆ ಇದು ಉತ್ತಮ, ಏಕೆಂದರೆ ಮುಗಿದ ಹೊಲಿಗೆಯ ಮೇಲೆ ಬಳೆಯ ಒತ್ತು ಬೀಳುವುದಿಲ್ಲ. ಆದರೆ ಅಳತೆಯನ್ನು ಮೊದಲೇ ಗುಣಿಸಿಕೊಳ್ಳಬೇಕು.

ಲೆಕ್ಕ ಸರಳ. ಅಂಗಡಿಯ ಎಣಿಕೆ ಬಟ್ಟೆಗಳಲ್ಲಿ ಅಂಗುಲಕ್ಕೆ ೧೧, ೧೪, ೧೬, ೧೮ ಮನೆಗಳಿರುವ ಬಗೆಗಳುಂಟು. ಚಿತ್ರದ ಹೊಲಿಗೆಗಳ ಸಂಖ್ಯೆಯನ್ನು ಈ ಎಣಿಕೆಯಿಂದ ಭಾಗಿಸಿದರೆ ಅಂಗುಲ ಬರುತ್ತದೆ. ಎತ್ತರಕ್ಕೆ ೧೪೦, ಅಗಲಕ್ಕೆ ೯೮ ಹೊಲಿಗೆಗಳ ಒಂದು ಗೋಪುರವನ್ನು ೧೪ ಎಣಿಕೆಯ ಬಟ್ಟೆಯಲ್ಲಿ ಹೊಲಿದರೆ ಅದು ೧೦ ಅಂಗುಲ ಎತ್ತರ, ೭ ಅಂಗುಲ ಅಗಲ ಆಗುತ್ತದೆ. ನಾಲ್ಕೂ ಕಡೆ ೩ ಅಂಗುಲ ಬಿಟ್ಟರೆ ಬಟ್ಟೆ ೧೬ಕ್ಕೆ ೧೩ ಅಂಗುಲ. ಸುರುಳಿಯಲ್ಲಿ ಎತ್ತರ ಸುತ್ತಿಕೊಳ್ಳುತ್ತದೆ, ಅಗಲ ಸುತ್ತಿಕೊಳ್ಳುವುದಿಲ್ಲ. ಆದುದರಿಂದ ಕೋಲಿನ ಬಳಕೆಯ ಉದ್ದ ೧೩ ಅಂಗುಲಕ್ಕೆ ಕಡಿಮೆಯಿರಕೂಡದು. ಇದಕ್ಕಿಂತ ಬಹು ದೊಡ್ಡದನ್ನು ‘ಮುಂದೆ ಉಪಯೋಗವಾದೀತು’ ಎಂದು ಕೊಂಡರೆ ಕೈ ನಡುವನ್ನು ತಲುಪಲು ಬೆನ್ನು ಬಾಗಬೇಕಾಗುತ್ತದೆ.

ಈ ಚೌಕಟ್ಟನ್ನು ಊರ ಬಡಿಗರಿಂದಲೂ ಮಾಡಿಸಬಹುದು. ಮಸ್ಕಿಯಲ್ಲಿ ನಾನು ವಿಚಾರಿಸಿದಾಗ ಹಿರಿಯ ಬಡಿಗರೊಬ್ಬರು, “ಯವ್ವಾ, ಹಸಿ ಕಟ್ಟಿಗಿಲೆ ಮಾಡಿದ್ರ ಬ್ಯಾಸಿಗ್ಯಾಗ ಸೊಟ್ಟ ಆಗ್ತದ. ಒಣಗಿದ್ದು ತಂದುಕೊಡು, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತದ” ಎಂದರು. ಮರದ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ. ಒಣಗಿದ ತೇಗವಾಗಲಿ ಬೇವಾಗಲಿ, ಚೆನ್ನಾಗಿ ಉಜ್ಜಿ ನುಣುಪು ಮಾಡಿಸಿಕೊಂಡರೆ ಸಾಕು.

೫. ಮಗ್ಗ

ಸಿಂಧನೂರಿನ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಹೆಚ್ಚು. ತೆಲುಗಿನ ಮಗ್ಗಂ ವರ್ಕ್ ಎಂಬ ಮಾತು ನಮ್ಮ ಹೊಲಿಗೆ ಅಂಗಡಿಗಳಲ್ಲಿಯೂ ಬಳಕೆಯಲ್ಲಿದೆ. ಇಲ್ಲಿ ಮಗ್ಗವೆಂದರೆ ನೇಯುವ ಮಗ್ಗವಲ್ಲ. ನಾಲ್ಕು ಮರದ ಪಟ್ಟಿಗಳ ದೊಡ್ಡ ಚೌಕಟ್ಟು. ಕುಪ್ಪಸದ ಬಟ್ಟೆ ಪೂರ್ತಿ ಅದರಲ್ಲಿ ಹಿಡಿಯುತ್ತದೆ. ಅಲ್ಲಿ ಕೆಲಸ ಮಾಡುವುದು ಕೊಕ್ಕೆಯ ಆರಿ ಸೂಜಿ. ಒಂದು ಕೈ ಮೇಲೆ, ದಾರ ಕೊಡುವ ಇನ್ನೊಂದು ಕೈ ಬಟ್ಟೆಯ ಕೆಳಗೆ. ಬಟ್ಟೆ ಬಿಗಿಯಾಗಿ ನಿಂತು ಎರಡೂ ಕೈ ಬಿಡುವಾಗಿರದ ಹೊರತು ಆ ಕೆಲಸ ಸಾಗದು. ಮಗ್ಗ ಅಲ್ಲಿ ಅನಿವಾರ್ಯ.

ಮೆಂತಿಗೆ ಮಗ್ಗ ಅನಿವಾರ್ಯವಲ್ಲ. ಆದರೂ ಮನೆಯಲ್ಲಿ ಮಗ್ಗವಿದ್ದವರು ದೊಡ್ಡ ಮೆಂತಿ ಕೆಲಸಕ್ಕೆ ಅದನ್ನೇ ಬಳಸಬಹುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗಾವಂತಿ, ಮುರಗಿಗಳು ಎರಡು ಬದಿಗೂ ಒಂದೇ ಬಗೆಯಾಗಿ ಕಾಣಬೇಕಾದವು, ಗಂಟು ಎಲ್ಲಿಯೂ ಇರಕೂಡದು. ಆದುದರಿಂದ ಹಿಂಬದಿಯನ್ನು ಆಗಾಗ ತಿರುಗಿಸಿ ನೋಡಬೇಕು. ಮಗ್ಗ ತಿರುಗದು, ರಿಂಗು ತಿರುಗುತ್ತದೆ. ಒಂದೇ ಚಿತ್ರದಲ್ಲಿ ಮೆಂತಿಯೊಡನೆ ಗಾವಂತಿಯೂ ಇದ್ದರೆ ರಿಂಗು ಅಥವಾ ತಿರುಗಿಸಬಲ್ಲ ಸುರುಳಿಯೇ ಲೇಸು.

೬. ಸ್ಟ್ಯಾಂಡು

ಸ್ಟ್ಯಾಂಡಿನ ಲಾಭ ಒಂದೇ, ಆದರೆ ದೊಡ್ಡದು: ಎರಡೂ ಕೈಗಳಿಗೆ ಬಿಡುಗಡೆ. ಬಲಗೈ ಮೇಲಿನಿಂದ ಸೂಜಿ ಕೊಡುತ್ತದೆ, ಎಡಗೈ ಕೆಳಗಿನಿಂದ ಹಿಂತಿರುಗಿಸುತ್ತದೆ. ಮೇಜಿಗೆ ಕಚ್ಚಿಸುವುದು, ಹಲಗೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು, ನೆಲದ ಮೇಲೆ ನಿಲ್ಲುವುದು ಎಂದು ಮೂರು ಬಗೆ.

ನೆಲದ ಮೇಲೆ ನಿಲ್ಲುವ ಸ್ಟ್ಯಾಂಡುಗಳು ಸಾಮಾನ್ಯವಾಗಿ ಕುರ್ಚಿಯ ಮೇಲೆ ಕುಳಿತು ಹೊಲಿಯುವವರ ಅಳತೆಯವು. ನಾವೋ ಚಕ್ಕಳಮಕ್ಕಳ ಹಾಕಿ ಚಾಪೆಯ ಮೇಲೆ ಕೂರುವವರು. ಆ ಸ್ಟ್ಯಾಂಡು ನಮ್ಮ ಮುಖದ ಎತ್ತರಕ್ಕೆ ಬರುತ್ತದೆ; ತೋಳುಗಳು ಮೇಲೆ ನೇತುಬಿದ್ದು ಹೆಗಲು ಸೋಲುತ್ತವೆ. ಇದಕ್ಕೆ ವಿರುದ್ಧವಾಗಿ ಮಗ್ಗವನ್ನು ತೀರ ತಗ್ಗಿನಲ್ಲಿಟ್ಟರೆ ಕತ್ತು ಮುರಿಯುವಂತೆ ಬಾಗಬೇಕು. ಕುಳಿತಾಗ ಮೊಳಕೈ ಎಷ್ಟು ಎತ್ತರದಲ್ಲಿರುವುದೋ ಅಷ್ಟೇ ಎತ್ತರಕ್ಕೆ, ಅಥವಾ ಅದಕ್ಕಿಂತ ಒಂದೆರಡು ಅಂಗುಲ ಮೇಲೆ ಚೌಕಟ್ಟು ನಿಂತು, ನಮ್ಮ ಕಡೆಗೆ ತುಸು ವಾಲಿರಬೇಕು. ಕೊಳ್ಳುವ ಮುನ್ನ ಮನೆಯಲ್ಲಿ ಕುಳಿತು ನೆಲದಿಂದ ಮೊಳಕೈಗೆ ಅಳತೆ ತೆಗೆದುಕೊಂಡು ಹೋಗುವುದು ಜಾಣತನ. ಚೌಕಟ್ಟಿನ ನಡುವೆ ಬೆರಳಿನಿಂದ ಒತ್ತಿ ನೋಡಿ. ಸ್ಟ್ಯಾಂಡು ಅಲುಗಾಡಿದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬರಬೇಕು, ಎಡಗೈಯವರಿಗೆ ಬಲಗಡೆಯಿಂದ. ಇಲ್ಲವಾದರೆ ಕೈಯ ನೆರಳೇ ಎಳೆಗಳನ್ನು ಮುಚ್ಚುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಮರವನ್ನೋ ಗುಡ್ಡವನ್ನೋ ನೋಡುವುದು ಕಣ್ಣಿಗೆ ಹಿತ.

೭. ಇಳಕಲ್ ಸೀರೆಯ ಪ್ರಶ್ನೆ

ಲಿಂಗಸುಗೂರಿನಿಂದ ಮುದಗಲ್ ದಾಟಿ ಮುಂದೆ ಹೋದರೆ ಇಳಕಲ್ಲು. ಆ ಸೀರೆಯ ಮೇಲೆ ಕಸೂತಿ ಹಾಕುವ ಆಸೆ ನಮ್ಮವರಲ್ಲಿ ಸಹಜ. ಆದರೆ ಅದರ ಸೆರಗು ರೇಷ್ಮೆಯದು. ರೇಷ್ಮೆಗೆ ಬಿಗಿಯಾದ ರಿಂಗನ್ನು ಹಾಕಿದರೆ ಎಳೆ ನಲುಗಿ ಗುರುತು ಉಳಿಯುವ ಭಯವುಂಟು. ತಾಯಿ ಉಟ್ಟು ಮಗಳಿಗೆ ಕೊಟ್ಟ ಸೀರೆಯಾದರೆ ಅಂಥದನ್ನು ಮತ್ತೆ ಕೊಳ್ಳಲಾಗದು. ಅಂಚಿಗೆ ಹತ್ತಿಯ ಬಟ್ಟೆಯ ಪಟ್ಟಿಯನ್ನು ತಾತ್ಕಾಲಿಕವಾಗಿ ಹೊಲಿದು, ಆ ಪಟ್ಟಿಯನ್ನೇ ಚೌಕಟ್ಟಿಗೆ ಬಿಗಿದರೆ ಸೀರೆಗೆ ಮರದ ಸೋಂಕೇ ಇಲ್ಲ. ಸೆರಗಿನ ನಡುವೆ ಹೊಲಿಯುವುದಾದರೆ ಚೌಕಟ್ಟಿನ ಹಂಗು ಬಿಟ್ಟು, ಹಿರಿಯರಂತೆ ಕೈಯಲ್ಲಿ ಹಿಡಿದು ಗಾವಂತಿ ಮುರಗಿಗಳನ್ನೇ ಹೊಲಿಯುವುದು ವಿವೇಕ.

ಉಪಸಂಹಾರ

ಮೇಲಿನ ವಿವೇಚನೆಯ ಸಾರವಿಷ್ಟು. ಚಿಕ್ಕ ಚಿತ್ರಕ್ಕೆ, ಪಾಠ ಕಲಿಯುವವರಿಗೆ, ಪಟ್ಟಿ ಸುತ್ತಿದ ೫-೬ ಅಂಗುಲದ ರಿಂಗು. ಗೋಡೆಗೆ ತೂಗುವ ದೊಡ್ಡ ಚಿತ್ರಕ್ಕೆ ಅಳತೆ ನೋಡಿ ಮಾಡಿಸಿದ ಸುರುಳಿ, ಅದರೊಡನೆ ಮೊಳಕೈ ಎತ್ತರದ ಸ್ಟ್ಯಾಂಡು. ಆರಿ ಕೆಲಸಕ್ಕೆ ಮಗ್ಗ. ಕೌದಿಗೆ, ಲಂಬಾಣಿ ಕೆಲಸಕ್ಕೆ ಬರಿಗೈ. ಮೊದಲು ಬಟ್ಟೆ, ಆಮೇಲೆ ಸೂಜಿಯ ನಡೆ, ಆಮೇಲೆ ನಮ್ಮ ಮೈ. ಈ ಮೂರನ್ನು ಕೇಳಿದ ಮೇಲೆ ಬೆಲೆಯನ್ನು ಕೇಳಬೇಕು.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ಎತ್ತರ ಏರಿಸಿ ಇಳಿಸಬಲ್ಲ ಎರಡು ಸ್ಟ್ಯಾಂಡುಗಳನ್ನು ಊರ ಬಡಿಗರಿಂದ ಮಾಡಿಸಿ ಇಟ್ಟರೆ, ಕೊಳ್ಳುವ ಮುನ್ನ ಕುಳಿತು ನೋಡುವ ಅವಕಾಶ ಎಲ್ಲರಿಗೂ ದೊರೆಯುತ್ತದೆ. ರಾತ್ರಿ ಹೊಲಿದು ಹಗಲು ಓದುವ ಸಹಪಾಠಿಗಳು ನೋವಿಗೆ ಅಂಜಿ ಸೂಜಿಯನ್ನಾಗಲಿ ಪುಸ್ತಕವನ್ನಾಗಲಿ ಬಿಡದಿರುವುದಕ್ಕೆ ಅಷ್ಟು ಮರ, ಅಷ್ಟು ಮೊಳೆಯ ಖರ್ಚು ಹೆಚ್ಚಿನದಲ್ಲವೆಂದು ನಂಬಿದ್ದೇನೆ.